ಎರಡು ಸಲ ತಟ್ಟಿದರೆ ಇಲ್ಲ

ನಮ್ಮಣ್ಣನನ್ನು ಪ್ರೆಸ್ಸಿನಲ್ಲಿ ಎಲ್ಲರೂ ‘ಇಲ್ಲಪ್ಪ’ ಎಂದೇ ಕರೆಯುತ್ತಿದ್ದರು. ಮಾಲೀಕ ಬಂದು ‘ಇವತ್ತೊಂದಿನ ಎರಡು ಗಂಟೆ ಜಾಸ್ತಿ ನಿಲ್ತೀಯಾ’ ಎಂದರೆ, ಯಂತ್ರದಿಂದ ತಲೆ ಎತ್ತದೆ ‘ಇಲ್ಲಪ್ಪ, ಆಗಲ್ಲ’ ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷ ಅದೊಂದೇ ಉತ್ತರ. ಮದುವೆಯ ಮಾತಿಗೂ ಅದನ್ನೇ ಹೇಳಿ, ನನ್ನ ಮತ್ತು ನನ್ನ ಗಂಡನ ಜೊತೆ ಎರಡು ಕೋಣೆಯ ಮನೆಯಲ್ಲಿ ಉಳಿದುಬಿಟ್ಟ. ಅಡುಗೆ ಚೆನ್ನಾಗಿದೆಯಾ ಎಂದು ಕೇಳುವುದನ್ನು ನಾನು ಎಂದೋ ಬಿಟ್ಟಿದ್ದೆ.

ಕಳೆದ ವರ್ಷ ಪಾರ್ಶ್ವವಾಯು ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಮಂಚದ ಸರಳಿಗೆ ಎಡಗೈಯಿಂದ ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ ಎಂದು ಮಾಡಿಕೊಂಡೆವು. ಗಂಜಿ ಕೊಡಲಾ? ಟಕ್ ಟಕ್. ಕಿಟಕಿ ಹಾಕಲಾ? ಟಕ್ ಟಕ್. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಆ ಎರಡನೇ ಟಕ್ ಕೇಳಿದಾಗ ನಮ್ಮಣ್ಣ ಇನ್ನೂ ಒಳಗಿದ್ದಾನೆ ಎಂದು ಸಮಾಧಾನವಾಗುತ್ತಿತ್ತು.

ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ ಎಡಗೈ ಬೆರಳು ಆಡುತ್ತಿರಲಿ ಎಂದಳು. ನನ್ನ ಗಂಡ ಹಳೇ ಫೋನಿಗೆ ಒಂದು ಅಗ್ಗದ ಜಪಾನಿ ಗೇಮ್ ಹಾಕಿ, ‘ಭಾವ, ಇದನ್ನ ಆಡ್ತಾ ಇರಿ, ಹೊತ್ತು ಹೋಗುತ್ತೆ’ ಎಂದು ಕೈಗಿಟ್ಟರು. ಚೌಕ ಚೌಕ ಬಣ್ಣದ ಬೊಂಬೆಗಳು. ಒಬ್ಬ ರಾಜ, ಒಂದು ಕಾಡು, ಹತ್ತು ಹೆಜ್ಜೆಗೊಂದು ಲೋಳೆಯಂಥ ಭೂತ. ಅದರಲ್ಲಿ ದಾರಿಹೋಕರೂ ಮಾತಾಡುತ್ತಾರೆ, ಕಥೆಯ ವೀರ ಮಾತ್ರ ಮೂಗ. ಅವನಿಗೆ ಕೊಟ್ಟಿರುವುದು ಎರಡೇ ಗುಂಡಿ, ಹೌದು ಮತ್ತು ಇಲ್ಲ.

ಮೊದಲನೇ ದಿನ ರಾಜ ಕೇಳಿದ: ‘ವೀರನೇ, ರಾಕ್ಷಸನ ಕೋಟೆಗೆ ಹೊರಡುವೆಯಾ?’ ನಮ್ಮಣ್ಣ ಇಲ್ಲ ಒತ್ತಿದ. ‘ಹಾಗೆನ್ನಬೇಡ. ಹೊರಡುವೆಯಾ?’ ಮತ್ತೆ ಇಲ್ಲ. ‘ಹಾಗೆನ್ನಬೇಡ. ಹೊರಡುವೆಯಾ?’ ಹೌದು ಎನ್ನುವವರೆಗೆ ಆ ರಾಜ ಜಾಗ ಬಿಡುವುದಿಲ್ಲವಂತೆ. ಅಣ್ಣ ಸೋಲಲಿಲ್ಲ. ಹದಿನೇಳು ಸಲ ಒತ್ತಿದ, ನಾನು ಪಕ್ಕದಲ್ಲಿ ಕೂತು ಎಣಿಸಿದೆ. ‘ಬಿಡೋ ಮಾರಾಯ, ಹೋಗೋ ಅತ್ಲಾಗೆ’ ಎಂದೆ. ಅವನ ಬಾಯಿಯ ಎಡತುದಿ ಮೇಲಕ್ಕೆ ಹೋಯಿತು. ಕಾಯಿಲೆಯಾದ ಮೇಲೆ ಮೊದಲ ನಗು. ನಕ್ಕು, ಹೌದು ಒತ್ತಿದ.

ಬೆಳಿಗ್ಗೆ ಏಳರಿಂದ ನಾಲ್ಕರವರೆಗೆ ನಾನು ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಇಸ್ತ್ರಿ ಮಾಡುತ್ತೇನೆ. ನನ್ನ ಗಂಡ ವ್ಯಾನು ಓಡಿಸುತ್ತಾರೆ. ಅಣ್ಣ ಎರಡು ಸಲ ಮಂಚದಿಂದ ಬಿದ್ದ. ಎರಡನೇ ಸಲ ಐದು ಗಂಟೆ ನೆಲದ ಮೇಲೇ ಇದ್ದ. ನಾನು ಬಂದಾಗ ಬಟ್ಟೆ ಒದ್ದೆ, ಫೋನು ಮಂಚದ ಕೆಳಗೆ, ರಾಜನ ಸಂಗೀತ ಇನ್ನೂ ಕೇಳಿಸುತ್ತಿತ್ತು. ಆಮೇಲೆ ಆರೈಕೆ ಮನೆಯಲ್ಲಿ ಒಂದು ಮಂಚ ಖಾಲಿಯಾಯಿತು, ನಾವು ಹೆಸರು ಬರೆಸಿದೆವು. ಬೇರೆ ದಾರಿ ನನಗೆ ಕಾಣಲಿಲ್ಲ, ಈಗಲೂ ಕಾಣುತ್ತಿಲ್ಲ.

ಅಲ್ಲಿಯ ಮೇಲ್ವಿಚಾರಕಿ ಮನೆಗೇ ಬಂದಳು. ‘ಅವರೇ ಒಪ್ಪಬೇಕು, ನನ್ನೆದುರಿಗೇ. ಇಲ್ಲಾಂದ್ರೆ ಕರ್ಕೊಂಡು ಹೋಗೋ ಹಾಗಿಲ್ಲ’ ಎಂದು ಕಾಗದ ಬಿಡಿಸಿ ಕೂತಳು. ತಟ್ಟುವ ಲೆಕ್ಕವನ್ನು ಅವಳಿಗೆ ಹೇಳಿದೆ.

‘ಅಣ್ಣಾ, ಅಲ್ಲಿಗೆ ಹೋಗ್ತೀಯಾ?’

ಟಕ್ ಟಕ್.

‘ಹಾಗನ್ಬೇಡ. ಅಲ್ಲಿ ನೋಡ್ಕೊಳ್ಳೋಕೆ ಜನ ಇದಾರೆ. ಹೋಗ್ತೀಯಾ?’

ಟಕ್ ಟಕ್.

‘ಹಾಗನ್ಬೇಡ ಅಣ್ಣಾ. ಹೋಗ್ತೀಯಾ?’

ಐದು ಸಲವೋ ಆರು ಸಲವೋ ಕೇಳಿದೆ. ಈ ಸಲ ಎಣಿಸಲಿಲ್ಲ. ಅವನು ನನ್ನನ್ನೇ ನೋಡಿದ. ಬಾಯಿಯ ಎಡತುದಿ ಮೇಲಕ್ಕೆ ಹೋಯಿತು. ಒಂದು ಸಲ ತಟ್ಟಿದ. ಮೇಲ್ವಿಚಾರಕಿ ಪೆನ್ನು ಹಿಡಿದು ಎರಡನೆಯದಕ್ಕೆ ಕಾದಳು. ಅದು ಬರಲಿಲ್ಲ. ಅಬ್ಬಾ ಎಂದುಕೊಂಡೆ, ಸುಳ್ಳೇಕೆ ಹೇಳಲಿ. ಯಾರ ಮಾತನ್ನು ನಾನು ಅವನ ಮುಂದೆ ಆಡುತ್ತಿದ್ದೆ ಎಂದು ಹೊಳೆದದ್ದು, ಸಾಮಾನು ಕಟ್ಟುತ್ತ ಫೋನು ಒರೆಸಿ ಚೀಲಕ್ಕೆ ಹಾಕುವಾಗ. ಕಾಗದ ಆಗಲೇ ಹೋಗಿಯಾಗಿತ್ತು.

ಭಾನುವಾರ ಭಾನುವಾರ ಹೋಗುತ್ತೇನೆ. ಕೋಣೆ ಚೊಕ್ಕಟವಾಗಿದೆ, ಬೆನ್ನಿಗೆ ಹುಣ್ಣಾಗಿಲ್ಲ. ಫೋನು ದಿಂಬಿನ ಪಕ್ಕದಲ್ಲಿದೆ, ಚಾರ್ಜ್ ಮುಗಿದು ಎಷ್ಟು ದಿನವಾಯಿತೋ. ‘ತುಂಬಾ ಒಳ್ಳೆಯವರು ನಿಮ್ಮಣ್ಣ, ಯಾವುದಕ್ಕೂ ಬೇಡ ಅನ್ನಲ್ಲ’ ಎಂದು ನರ್ಸ್ ಹೊಗಳಿದಳು.

ಬಾಗಿಲು ಮುಂದೆ ಮಾಡಿ ಪಕ್ಕದಲ್ಲಿ ಕೂತೆ.

‘ಊಟ ಸರಿ ಹೋಗುತ್ತಾ?’

ಟಕ್.

‘ನೋವಿದೆಯಾ?’

ಟಕ್.

‘ನೋವಿಲ್ಲ ತಾನೇ?’

ಟಕ್.

‘ಇಲ್ಲೇ ಇರ್ತೀಯಾ?’

ಟಕ್.

‘ಮನೆಗೆ ಬರ್ತೀಯಾ?’

ಟಕ್.

ಸರಳಿನ ಮೇಲಿದ್ದ ಅವನ ಕೈಯನ್ನು ಹಿಡಿದುಕೊಂಡೆ. ‘ಅಣ್ಣಾ, ಒಂದೇ ಒಂದು ಸಲ ಇಲ್ಲ ಅನ್ನು. ಅಂತೀಯಾ?’ ಎಂದೆ. ನನ್ನ ಅಂಗೈಯೊಳಗೆ ಅವನ ಬೆರಳು ಒಂದು ಸಲ ಆಡಿತು. ಭೇಟಿಯ ಹೊತ್ತು ಮುಗಿಯುವವರೆಗೂ ಹಾಗೇ ಹಿಡಿದು ಕಾದೆ, ಇನ್ನೊಂದು ಬರಲಿಲ್ಲ.