ಕೊರೊನಾ ಬಂತು, ಚಂದಯ್ಯ ಎದ್ದು ನಿಂತ

ಆಶಾ ಕಾರ್ಯಕರ್ತೆ ಅಮಿತಾ ಕಡಲ ದಂಡೆಗೆ ಬಂದಳೆಂದರೆ ಸಾಕು, ಚಂದಯ್ಯನಿಗೆ ಬಲೆಯಲ್ಲಿ ಇಲ್ಲದ ತೂತೆಲ್ಲ ಕಾಣಿಸತೊಡಗುತ್ತಿತ್ತು. ತಲೆ ಬಗ್ಗಿಸಿ ಹೊಲಿಯುತ್ತ ಕೂತುಬಿಡುತ್ತಿದ್ದ. ಅದು 2021ರ ಸೆಪ್ಟೆಂಬರ್ ತಿಂಗಳು. ಬೈಂದೂರು ಕಡೆಯ ಆ ಕೇರಿಯಲ್ಲಿ ಅರವತ್ತು ದಾಟಿಯೂ ಕೊರೊನಾ ಲಸಿಕೆ ಹಾಕಿಸಿಕೊಳ್ಳದೆ ಉಳಿದವನು ಅವನೊಬ್ಬನೇ. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ.

ಚಂದಯ್ಯ ಕೈರಂಪಣಿಯ ಮುಂದಾಳು. ದಡದಲ್ಲಿ ನಿಂತು ಬಲೆ ಎಳೆಯುವ ಮೂವತ್ತು ಜನಕ್ಕೆ "ಐಸಾ!" ಎಂದು ಕೂಗು ಕೊಡುವವನು ಅವನೇ. ತನ್ನ ಗಂಟಲಿನ ಬಗ್ಗೆ ಅವನಿಗೆ ಭಾರೀ ಹೆಮ್ಮೆ.

"ಕಾಣ್ ಹೆಣ್ಣೆ," ಎಂದ ಆ ದಿನ, ಅಮಿತಾ ಬಿಡುವ ಲಕ್ಷಣ ಕಾಣದಿದ್ದಾಗ. "ಉಪ್ಪು ಹಾಕಿ ಒಣ್ಗ್ಸಿದ್ ಮೀನಿಗೆ ಹುಳ ಬೀಳತ್ತಾ? ಇಲ್ಲ ಅಲ್ದಾ? ನಾವ್ ಹುಟ್ಟಿದ್ ಲಾಗಾಯ್ತ್ ಉಪ್ಪುನೀರಗೇ ಇಪ್ಪರ್. ನಮ್ಗೆ ಕೊರೊನಾ ಎಂತ ಮಾಡತ್ತ್?"

"ಹಾಂಗಾರೆ ಗಣಪಣ್ಣ ಎಂತ ಸಿಹಿನೀರಗೆ ಇದ್ರಾ?"

ಚಂದಯ್ಯ ಆಚೆಯ ದೋಣಿಯತ್ತ ನೋಡಿದ. ಗಣಪ ಮೂವತ್ತು ವರ್ಷ ಅವನ ಪಕ್ಕದಲ್ಲೇ ಹಗ್ಗ ಹಿಡಿದವನು. ಮೇ ತಿಂಗಳಲ್ಲಿ, ಲಸಿಕೆ ಸಾಲದೆ ಅವನ ಸರದಿ ಬರುವ ಮೊದಲೇ ಕೊರೊನಾ ಬಂದು, ಕುಂದಾಪುರದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಆಕ್ಸಿಜನ್ ಮೇಲಿದ್ದ. ಈಗ ಕವುಚಿ ಹಾಕಿದ ದೋಣಿಯ ಮೇಲೆ ಕೂತು, ಬೇರೆಯವರು ಬಲೆ ಎಳೆಯುವುದನ್ನು ನೋಡುತ್ತಾನೆ.

ಆದರೂ ಚಂದಯ್ಯ ಸೋಲಲಿಲ್ಲ. "ಸಾಲಿಗ್ರಾಮದ ನಮ್ ಭಾವ ಉಲ್ಲಾಸ ಎರಡೆರಡ್ ಸೂಜಿ ಹಾಕ್ಸ್ಕಂಡಿದ್ದ. ಆದ್ರೂ ಅವ್ನಿಗೆ ಬಂತಲೆ! ಮತ್ತೆ ಎಂತಕ್ಕೆ ಅದ್?"

ಮೀನು ಬುಟ್ಟಿ ತುಂಬುತ್ತಿದ್ದ ಹೆಂಡತಿ ಹರಿಣಾಕ್ಷಿ ಸುಮ್ಮನಿರಲಿಲ್ಲ. "ಬಂತ್, ಹೌದ್. ಮೂರ್ ದಿನ ಜ್ವರ. ನಾಲ್ಕ್‌ನೇ ದಿನ ಬಂಗ್ಡಿ ಸಾರ್ ಬೇಕ್ ಅಂದ. ಅದನ್ನೂ ಹೇಳಿ ಕಾಂಬ!"

ಸುತ್ತಲಿದ್ದವರು ನಕ್ಕರು. ಅಮಿತಾ ದಡದ ಕಲ್ಲಿನ ತಡೆಗೋಡೆ ತೋರಿಸಿದಳು.

"ಚಂದಣ್ಣ, ಈ ಕಲ್ಲ್ ಹಾಕಿದ್ ಮೇಲೆ ತೆರೆ ಬಪ್ಪುದ್ ನಿಂತಿತಾ?"

"ಎಲ್ಲಿ ನಿಲ್ಲತ್ತ್? ಮಳೆಗಾಲದಗೆ ಅಂಗಳಕ್ಕೇ ಹಾರತ್ತ್."

"ಮನಿ?"

"ಮನಿಗೆಂತ ಆಯ್ಲಿಲ್ಲ."

"ಲಸಿಕೆಯೂ ಹಂಗೇ. ಹಾಕ್ಸ್ಕಂಡರಿಗೂ ಕೊರೊನಾ ಬಪ್ಪುದಿತ್ತ್. ಆದ್ರೆ ಅದ್ ಜೋರಾಪುದ್ ಕಮ್ಮಿ, ಆಸ್ಪತ್ರೆ ಸೇರೂದ್ ಕಮ್ಮಿ, ಸಾಯೂದ್ ಇನ್ನೂ ಕಮ್ಮಿ. ಇದ್ ಉಲ್ಲಾಸಣ್ಣ ಒಬ್ರನ್ನ ಕಂಡ್ ಹೇಳೂದಲ್ಲ, ಲಕ್ಷಗಟ್ಲೆ ಜನರನ್ನ ಕಂಡ್ ಡಾಕ್ಟ್ರ್ ಹೇಳೂದ್. ಸಕ್ಕರೆ ಕಾಯಿಲೆ ಇಪ್ಪರಿಗೆ ಇದ್ ಬೇಕೇ ಬೇಕ್. ಒಂದೆರ್ಡ್ ದಿನ ಕೈ ನೋವ್, ಜ್ವರ ಬಪ್ಪುದಿತ್ತ್. ಅದಕ್ಕೆ ಹೆದ್ರುಕಿಲ್ಲ."

ಆಗ ದೋಣಿಯ ಮೇಲಿಂದ ಗಣಪ ಮಾತಾಡಿದ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ಎಳೆದುಕೊಳ್ಳಬೇಕಾಗಿತ್ತು.

"ಚಂದ... ನಂಗೆ ಆಗ ಸಿಕ್ಕಿಲ್ಲ... ನಿಂಗೆ ಮನಿ ಬಾಗ್ಲಿಗೇ ಬಂದಿತ್ತ್... ಹೋಯ್ ಹಾಕ್ಸ್ಕೊ, ಮರಾಯ."

ಚಂದಯ್ಯನ ಕಣ್ಣು ತುಂಬಿತು. ಬಲೆ ಕೆಳಗಿಟ್ಟು ಎದ್ದ. ಆ ವಾರವೇ ಮೊದಲ ಡೋಸ್ ಆಯಿತು. ಒಂದು ದಿನ ಜ್ವರ ಬಂದು ಊರೆಲ್ಲ ಕೇಳುವಂತೆ ನರಳಿದ, ಮರುದಿನ ಎದ್ದು ಗಂಜಿ ಕುಡಿದ. ಡಿಸೆಂಬರಿನಲ್ಲಿ ಎರಡನೆಯದೂ ಮುಗಿಯಿತು.

ಜನವರಿಯಲ್ಲಿ ಕೊರೊನಾ ಬಂದೇ ಬಂತು. ಕೆಮ್ಮು, ಜ್ವರ, ಮೈಕೈ ನೋವು. ಪರೀಕ್ಷೆಯಲ್ಲಿ ಪಾಸಿಟಿವ್ ಎಂದು ಬಂತು. ಚಂದಯ್ಯ ಕಣ್ಣು ಮುಚ್ಚಿದರೆ ಗಣಪನ ಮುಖ.

ಅವನನ್ನು ಬೇರೆ ಕೋಣೆಯಲ್ಲಿ ಮಲಗಿಸಿದರು. ಹರಿಣಾಕ್ಷಿ ಮಾಸ್ಕ್ ಹಾಕಿಕೊಂಡು ದಿನಕ್ಕೆ ಮೂರು ಸಲ ಅವನ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಸಿಕ್ಕಿಸುತ್ತಿದ್ದಳು. ತೊಂಬತ್ತಾರು. ತೊಂಬತ್ತೇಳು. ಮತ್ತೆ ತೊಂಬತ್ತಾರು. ಅಮಿತಾ ದಿನಾ ಫೋನ್ ಮಾಡಿ ಕೇಳುತ್ತಿದ್ದಳು, ಡಾಕ್ಟರು ಕೊಟ್ಟ ಮಾತ್ರೆ ತಪ್ಪಲಿಲ್ಲ. ಉಸಿರು ಒಮ್ಮೆಯೂ ಕೈಕೊಡಲಿಲ್ಲ. ಐದನೇ ದಿನ ಜ್ವರ ಬಿಟ್ಟಿತು.

"ಹ್ವಾಯ್, ಎಂತ ಬೇಕ್ ನಿಮ್ಗೆ?" ಎಂದು ಹರಿಣಾಕ್ಷಿ ಬಾಗಿಲಲ್ಲೇ ನಿಂತು ಕೇಳಿದಳು.

"ಹೊಟ್ಟಿ ಚುರುಗುಡ್ತಿತ್ತ್, ಮರಾಯ್ತಿ!"

ಅವಳು ನಗುತ್ತಲೇ ಅತ್ತುಬಿಟ್ಟಳು.

ಡಾಕ್ಟರು ಹೇಳಿದಷ್ಟು ದಿನ ಸುಧಾರಿಸಿಕೊಂಡು ಚಂದಯ್ಯ ದಂಡೆಗೆ ಇಳಿದ. ಎದೆ ತುಂಬ ಗಾಳಿ ಎಳೆದುಕೊಂಡು "ಐಸಾ!" ಎಂದು ಕೂಗಿದ. ಮೂವತ್ತು ಜನ ಒಟ್ಟಿಗೆ ಎಳೆದರು. ಬಲೆ ದಡ ಸೇರುವಾಗ ಬಂಗುಡೆ ಥಳಥಳ ಹಾರುತ್ತಿತ್ತು. ಗಣಪ ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದ.

ಚಂದಯ್ಯ ಎಲ್ಲರತ್ತ ತಿರುಗಿದ. "ಹ್ವಾಯ್! ಸೂಜಿ ಬಾಕಿ ಇಪ್ಪರ್ ಯಾರ್ ಯಾರ್? ಹೆದ್ರಬೇಡಿ. ಕರ್ಕಂಡ್ ಹೋಪುಕೆ ನಾನಿದ್ದೆ!"

ಮರುದಿನ ಬೆಳಿಗ್ಗೆ ಆರೋಗ್ಯ ಕೇಂದ್ರದ ಎದುರು ಏಳು ಜನರನ್ನು ಸಾಲಾಗಿ ನಿಲ್ಲಿಸಿ, ಅವನು ಮುಂದೆ ನಿಂತಿದ್ದ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಎದೆಯ ತೊಂದರೆ ಇರುವವರು ಇದ್ದಾರೆಯೇ? ಅವರಿಗೆ ಯಾವ ಡೋಸ್ ಬಾಕಿ ಇದೆ ಎಂದು ಇವತ್ತೇ ಆಶಾ ಕಾರ್ಯಕರ್ತೆಯನ್ನು ಕೇಳಿ. ಉಸಿರಾಡಲು ಕಷ್ಟವಾದರೆ ಲಸಿಕೆ ಆಗಿದೆಯೆಂದು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಲಸಿಕೆಗೆ ಒಬ್ಬರೇ ಹೋಗಲು ಅಳುಕಿದರೆ, ಪಕ್ಕದ ಮನೆಯವರ ಕೈ ಹಿಡಿದು ಕರೆದುಕೊಂಡು ಹೋಗಿ.