ಕೂತರೆ ಸಿಗದ ನಲ್ಲಿ

ಅತ್ತೆಗೆ ಕಣ್ಣು ಹೋಗಿ ವರ್ಷಗಳೇ ಆದವು. ಆದರೂ ಸ್ನಾನಕ್ಕೆ ಮಾತ್ರ ಅವರು ಯಾರನ್ನೂ ಹತ್ತಿರ ಬಿಟ್ಟುಕೊಂಡವರಲ್ಲ. ಬಚ್ಚಲಿನಲ್ಲಿ ಗೋಡೆ ಸವರುತ್ತಾ ಹೋಗಿ ತಮ್ಮ ಗಿಡ್ಡ ಸ್ಟೂಲಿನ ಮೇಲೆ ಕೂತರೆ, ಮಂಡಿಯ ಪಕ್ಕದಲ್ಲೇ ನಲ್ಲಿಗಳು ಕೈಗೆ ಸಿಗುತ್ತಿದ್ದವು. ಬಿಸಿನೀರು, ತಣ್ಣೀರು ತಾವೇ ಬೆರೆಸಿಕೊಳ್ಳುತ್ತಿದ್ದರು. "ಇನ್ನೊಬ್ಬರ ಕೈಲಿ ಮೈ ತೊಳೆಸ್ಕೊಳ್ಳೋ ದಿನ ಬಂದ್ರೆ ನಾನು ಮುಗಿದೆ ಅಂತ ತಿಳ್ಕೋ," ಎನ್ನುತ್ತಿದ್ದರು.

ಗೋಡೆಯೊಳಗಿನ ಪೈಪು ತುಕ್ಕು ಹಿಡಿದು ಸೋರತೊಡಗಿದಾಗ ನನ್ನ ಗಂಡ ಬಚ್ಚಲನ್ನೇ ಹೊಸದು ಮಾಡಿಸಲು ಹೊರಟರು. ಅಮ್ಮನಿಗೆ ಶವರ್ ಹಾಕಿಸಿದರೆ ಬಕೆಟ್ಟಿನ ಕಷ್ಟವೇ ಇಲ್ಲವಲ್ಲ! ಟೈಲ್ ಕೂರಿಸುವ ಮೊದಲು ಪ್ಲಂಬರ್, ನಲ್ಲಿಗೆ ಪೈಪಿನ ಬಾಯಿ ಎಲ್ಲಿ ಬಿಡಲಿ ಎಂದು ಕೇಳಿದಾಗ, ಇವರು ಕಣ್ಣಿಗೆ ಟವೆಲ್ ಬಿಗಿದುಕೊಂಡು ಒಳಗೆ ನಿಂತರು. ಅಮ್ಮನ ಹಾಗೆಯೇ ಗೋಡೆ ತಡಕಿದರು. ಕೈ ಬಿದ್ದ ಕಡೆ, "ಇಲ್ಲೇ, ಗುರುತು ಹಾಕಿ," ಎಂದರು.

"ಕಣ್ಣಾಮುಚ್ಚಾಲೆ ಆಡ್ತಾ ಪಾಯಿಂಟ್ ಕೊಟ್ಟೋರನ್ನ ನಾನು ಇವತ್ತೇ ನೋಡಿದ್ದು ಸಾರ್," ಎಂದು ಪ್ಲಂಬರ್ ನಕ್ಕ. ನನಗೂ ನಗು ಬಂತು. ಇವರು ನಿಂತಿದ್ದಾರೆ, ಅತ್ತೆ ಕೂರುತ್ತಾರೆ ಎನ್ನುವುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಿನ್ನೆ ಪ್ಲಂಬರ್ ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ, ಶವರ್ ಎರಡನ್ನೂ ಬಿಳಿ ಟೇಪ್ ಸುತ್ತಿ ಬಿಗಿ ಮಾಡಿ, ನೀರು ಬಿಟ್ಟು ತೋರಿಸಿದ. ಒಂದು ಹನಿ ಸೋರಲಿಲ್ಲ.

"ಅಮ್ಮಾ, ಮೊದಲನೇ ಸ್ನಾನ ನಿಂದೇ," ಎಂದರು ಇವರು. ಅತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ನಾನು ಬಾಗಿಲ ಹೊರಗೆ ಬಟ್ಟೆ ಮಡಿಸುತ್ತಾ ಕೂತೆ. ನೀರಿನ ಸದ್ದೇ ಇಲ್ಲ. ಟೈಲಿನ ಮೇಲೆ ಅಂಗೈ ಜಾರುವ ಸದ್ದು ಮಾತ್ರ. ಆಮೇಲೆ ಕೂತವರು ಎದ್ದಂತೆ ಸ್ಟೂಲು ಕಿರುಗುಟ್ಟಿತು. ನೀರು ಧೋ ಎಂದಿತು, ಅತ್ತೆ "ಹಾ!" ಎಂದರು, ನೀರು ನಿಂತಿತು.

"ಅತ್ತೆ, ಬರ್ಲಾ?"

"ಬೇಡ. ಅಲ್ಲೇ ಇರು."

ಎಷ್ಟೋ ಹೊತ್ತಿನ ಮೇಲೆ ಬಾಗಿಲು ಅರ್ಧ ತೆರೆಯಿತು. ಟವೆಲ್ ಸುತ್ತಿಕೊಂಡಿದ್ದರು. ಒಂದು ಭುಜ ಬಿಸಿನೀರಿಗೆ ಕೆಂಪಾಗಿತ್ತು. ಬೆನ್ನು ಒದ್ದೆಯೇ ಆಗಿರಲಿಲ್ಲ.

"ಕೂತ್ರೆ ಏನೂ ಸಿಗಲ್ಲ ಕಣೇ. ನಿಂತ್ರೆ ಕಾಲು ನಡುಗುತ್ತೆ," ಎಂದು ಪಿಸುಗುಟ್ಟಿದರು. "ಅವನಿಗೆ ಹೇಳ್ಬೇಡ. ಆಸೆಯಿಂದ ಮಾಡ್ಸಿದಾನೆ. ಇನ್ಮೇಲೆ ನೀನೇ ನೀರು ಹಾಕು."

ಆ ಮಾತು ಅವರ ಬಾಯಿಂದ ಅಷ್ಟು ಸಲೀಸಾಗಿ ಬಂದುಬಿಟ್ಟಿತು.

"ಹೇಗಿತ್ತಮ್ಮಾ?" ಹೊರಗಿನಿಂದ ಇವರು ಕೂಗಿದರು.

"ರಾಜಭೋಗ ಕಣೋ!"

ನಾನು ಹೋಗಿ ಇದ್ದದ್ದನ್ನು ಹೇಳಿಬಿಟ್ಟೆ. ಇವರ ಮುಖ ಸಪ್ಪಗಾಯಿತು. ಸಾಮಾನು ಕಟ್ಟುತ್ತಿದ್ದ ಪ್ಲಂಬರ್ ತಲೆ ಕೆರೆದುಕೊಂಡ. "ಗೋಡೆ ಒಡೀಬೇಕು ಸಾರ್. ಈ ಟೈಲ್ ಒಂದೂ ಉಳಿದಿಲ್ಲ. ಬೇರೆ ಹಾಕಿದ್ರೆ ತೇಪೆ ಹಚ್ಚಿದ ಹಾಗೆ ಕಾಣುತ್ತೆ."

ಅಷ್ಟರಲ್ಲಿ ಬಟ್ಟೆ ಉಟ್ಟುಕೊಂಡು ಅತ್ತೆಯೇ ಬಂದರು. "ನಿನ್ನ ಹೊಟ್ಟೇಲಿ ಒಂದು ಮಾತು ನಿಲ್ಲಲ್ವಲ್ಲೇ!" ಎಂದು ನನ್ನನ್ನು ಗದರಿ, "ತೇಪೆ ಹಚ್ಚಪ್ಪ. ನನ್ನ ಕಣ್ಣಿಗೇನು ಚುಚ್ಚುತ್ತಾ?" ಎಂದರು.

ಯಾರೂ ನಗಲಿಲ್ಲ. ಇವರು ಅಮ್ಮನನ್ನು ಒಳಗೆ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿದರು. "ಈ ಸಲ ನೀನೇ ತೋರ್ಸಮ್ಮ."

ಅತ್ತೆ ಕೈ ಚಾಚಿದರು. ಒಂದು ಕಡೆ ಇಟ್ಟರು, ತೆಗೆದರು, ಇನ್ನೂ ಕೆಳಗಿಟ್ಟರು. ಮತ್ತೆ ತೆಗೆದರು. ಕಾಣದೆಯೇ ದಿನವೂ ಹೋಗುತ್ತಿದ್ದ ಜಾಗ ಈಗ ಆ ಕೈಗೆ ಗೊತ್ತಿರಲಿಲ್ಲ.

"ನಿಧಾನ ಅಮ್ಮಾವ್ರೇ, ಅವಸರ ಇಲ್ಲ," ಎಂದು ಪ್ಲಂಬರ್ ಪೆನ್ಸಿಲ್ ಹಿಡಿದು ಕಾಯುತ್ತಿದ್ದ.