ತೊಟ್ಟಿಕ್ಕಲೇಬೇಕಾದ ದೋಣಿ

ಎಡಗಾಲಿನ ಬೂಟಿನ ದಾರ ಮತ್ತೆ ಬಿಚ್ಚಿಕೊಂಡಿದೆ, ಕ್ಲಿಫ್‌ನದು, ಬೆರಿಲ್‌ಳ ಮೂಗಿನ ಹತ್ತಿರವೇ ಅಲ್ಲಾಡುತ್ತಿದೆ, ಇಷ್ಟು ವರ್ಷ ಸಂಸಾರ ಮಾಡಿದರೂ ಗಂಡನ ಬೂಟನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ದೋಣಿಯ ಇಂಜಿನ್ ಗುಂಡಿಗೆ ಇಳಿದ ಮೇಲೇ ಸಿಕ್ಕಿದ್ದು — ಅವನು ಮೇಲೆ ಚುಕ್ಕಾಣಿ ಹಿಡಿದು ಮಹಾರಾಜನ ಹಾಗೆ ನಿಂತಿದ್ದಾನೆ, ಅವಳು ಕೆಳಗೆ ಮಂಡಿಯೂರಿದ್ದಾಳೆ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸ್ಪ್ಯಾನರು, ಡೀಸೆಲ್ ವಾಸನೆ, ಕಾಲುವೆಯ ಕೆಸರಿನ ವಾಸನೆ, ನಡುವೆ ಎಲ್ಲಿಂದಲೋ ಬೇಕನ್ ಹುರಿಯುವ ವಾಸನೆ, ದಡಕ್ಕೆ ಕಟ್ಟಿದ ದೋಣಿಯವರು ಯಾರೋ ತಿಂಡಿ ಮಾಡುತ್ತಿದ್ದಾರೆ, ಪುಣ್ಯವಂತರು. ಕಣ್ಣು ಮಾತ್ರ ಆ ಹಿತ್ತಾಳೆಯ ಕೊರಳಿನ ಮೇಲೆ. ಇಂಜಿನ್ನಿನಿಂದ ಹೊರಟ ಉಕ್ಕಿನ ದಂಡ ಆ ಕೊರಳೊಳಗೆ ತೂರಿ, ದೋಣಿಯ ಹಿಂಬದಿ ದಾಟಿ, ನೀರಿನಲ್ಲಿ ಪಂಖ ತಿರುಗಿಸುತ್ತದೆ, ದಂಡದ ಸುತ್ತ ಕಾಲುವೆ ನೀರು ಒಳಗೆ ನುಗ್ಗದ ಹಾಗೆ ಗ್ರೀಸು ಮೆತ್ತಿದ ಡೋರಿ, ದಪ್ಪ ಹುರಿ, ಅದನ್ನು ತುರುಕಿದವಳು ಅವಳೇ, ಕೈಯಾರೆ, ಉಗುರಿನ ಸಂದಿಯಲ್ಲಿ ಗ್ರೀಸು ಇನ್ನೂ ಇದೆ — ಆ ಡೋರಿಯ ಅಂಚಿನಿಂದ ಆಗಾಗ ಒಂದು ಹನಿ ಒಳಗೆ ಬೀಳಬೇಕು, ಬೀಳಲೇಬೇಕು, ದಂಡವನ್ನು ತಣ್ಣಗಿಡುವುದು ಆ ಹನಿಯೇ. ತೊಟ್ಟಿಕ್ತಿದ್ಯಾ? ಮೇಲಿಂದ ಕ್ಲಿಫ್. ಇನ್ನೂ ಇಲ್ಲ. ಒಳ್ಳೇದಾಯ್ತಲ್ಲ! ಒಳ್ಳೇದಲ್ಲ ಕಣೋ, ಎಷ್ಟ್ ಸಲ ಹೇಳ್ಲಿ ನಿಂಗೆ.

ಎಷ್ಟು ಸಲ ಹೇಳಿದರೂ ಅಷ್ಟೇ, ಪಾಪ, ಜೀವಮಾನವಿಡೀ ಸ್ಟಾಫರ್ಡ್ ಊರಿನ ನಲ್ಲಿ ರಿಪೇರಿ ಮಾಡಿದ ಮನುಷ್ಯ, ಹನಿ ಕಂಡರೆ ಅವನ ಕೈ ತಾನೇ ಬಿಗಿ ಮಾಡಲು ಹೋಗುತ್ತದೆ, ಮದುವೆಯ ದಿನ ಚರ್ಚಿನ ಹಿಂದಿನ ನಲ್ಲಿಗೂ ವಾಷರ್ ಹಾಕಿ ಬಂದವನು, ಆ ಅಂಗಿ ತೋಳಿನ ಕಲೆ ಫೋಟೋದಲ್ಲಿ ಈಗಲೂ ಕಾಣುತ್ತದೆ. ಅಂಥವನಿಗೆ ತೊಟ್ಟಿಕ್ಕಲೇಬೇಕಾದ ದೋಣಿ ಗಂಟುಬಿದ್ದಿದೆ. ಹೋದ ಶರತ್ಕಾಲದಲ್ಲಿ ಯಾರಿಗೂ ಹೇಳದೆ ಆ ಕೊರಳಿನ ನಟ್ಟು ಬಿಗಿದ, ಮರುದಿನ ಇನ್ನಷ್ಟು ಬಿಗಿದ, ಒಂದೇ ಒಂದು ಹನಿ ಇಲ್ಲ ನೋಡು ಎಂದು ಬೀಗಿದ — ಆಮೇಲೆ ಹೊಗೆ, ಸುಟ್ಟ ಡೋರಿಯ ನಾತ, ಗೀರುಬಿದ್ದ ದಂಡ, ದೋಣಿಯನ್ನೇ ಕ್ರೇನಿನಲ್ಲಿ ಎತ್ತಿಸಬೇಕಾಯಿತು. ಆದರೆ ಎತ್ತಿಸಿದ್ದೂ ಒಂದು ರೀತಿ ಚೆಂದವೇ ಆಯಿತು, ಚಳಿಗಾಲವಿಡೀ ಇಬ್ಬರೂ ಅದರ ಹೊಟ್ಟೆಯಡಿ ಮಲಗಿ ತುಕ್ಕು ಕೆರೆದರು, ಟಾರು ಬಳಿದರು, ಅವನ ಹುಬ್ಬಿಗೆ ಟಾರು, ಅವಳ ಕಿವಿಗೆ ಟಾರು, ನಕ್ಕೂ ನಕ್ಕೂ ಸುಸ್ತು, ಬಾಗಿಲಿಗೆ ಅವಳು ಗುಲಾಬಿ ಬರೆದಳು, ಕೋಸುಗಡ್ಡೆ ತುಂಬಾ ಚೆನ್ನಾಗಿ ಬಂದಿದೆ ಎಂದ ಕಳ್ಳ. ದೋಣಿ ಎತ್ತಿಕೊಟ್ಟ ಯಾರ್ಡಿನ ಯಜಮಾನ ಹಾರೊಪ್ ಮಾತ್ರ ನಗಲಿಲ್ಲ: ಇನ್ನೊಂದ್ಸಲ ಇದನ್ನ ಸುಟ್ಟ್ಕೊಂಡು ಬಂದ್ರೆ ನಾನ್ ಎತ್ತಲ್ಲ ನೋಡಿ. ಮಗಳು ಡೆನೀಸ್ ಕೂಡ: ಅಮ್ಮಾ, ಈ ಸಲ ಹಾಳಾದ್ರೆ ಮಾರ್ಬಿಡಿ, ನಮ್ಮ ಬೀದೀಲೇ ಒಂದ್ ಪುಟ್ಟ ಬಂಗಲೆ ಖಾಲಿ ಇದೆ, ಒಂದೇ ಅಂತಸ್ತು, ಮೆಟ್ಲೇ ಇಲ್ಲ. ಆಗಲಿ ಎಂದು ಇಬ್ಬರೂ ಮಾತು ಕೊಟ್ಟಿದ್ದಾರೆ. ಮೆಟ್ಟಿಲೇ ಇಲ್ಲದ ಬಂಗಲೆ, ಅಲುಗಾಡದ ಹಾಸಿಗೆ, ಕಿಟಕಿಯ ಹೊರಗೆ ದಿನವೂ ಅದೇ ಬೇಲಿ, ಹಂಸ ಬಂದು ಬ್ರೆಡ್ಡಿಗಾಗಿ ಗಾಜು ಕುಟ್ಟುವುದಿಲ್ಲ — ಬೇಡಪ್ಪಾ, ಅವಳಿಗೆ ಬೇಡ, ಈ ಉದ್ದನೆಯ ಕಬ್ಬಿಣದ ಓಣಿಯೇ ಅವಳ ಮನೆ.

ಮೆಲ್ಲಗ್ ಹೋಗಯ್ಯಾ, ನಿನ್ನ ಅಲೆಗೆ ಟೀ ಚೆಲ್ತು! ದಡದ ದೋಣಿಯಿಂದ ಯಾರೋ ಕೂಗಿದರು, ಮೆಲ್ಲಗೇ ಹೋಗ್ತಿದೀನಿ, ಬಾತುಕೋಳಿ ನನ್ನ ದಾಟ್ಕೊಂಡ್ ಹೋಯ್ತು ಎಂದ ಕ್ಲಿಫ್, ಅವಳಿಗೆ ನಗು, ನಗುತ್ತಲೇ ಕೈಯ ಹಿಂಬದಿಯನ್ನು ಹಿತ್ತಾಳೆಗೆ ತಾಗಿಸಿದಳು, ನಗು ಅಲ್ಲೇ ನಿಂತಿತು. ಬಿಸಿ. ಹಾಲು ಕಾಯಿಸಿದ ಪಾತ್ರೆಯಷ್ಟು ಬಿಸಿ, ಹನಿ ಇಲ್ಲ, ನಿನ್ನೆ ಸಂಜೆ ಅವಳೇ ನೋಡಿದ್ದಳು, ಬೀಳುತ್ತಿತ್ತು, ಚೆನ್ನಾಗಿ ಬೀಳುತ್ತಿತ್ತು — ಕ್ಲಿಫ್. ಏನೇ? ನೀನ್ ಇದನ್ನ ಮುಟ್ಟಿದ್ಯಾ? ಬೂಟು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಅರ್ಧ ಸುತ್ತು ಅಷ್ಟೇ ಕಣೇ, ಬೆಳಿಗ್ಗೆ ನೀನು ಟೀ ಮಾಡ್ತಿದ್ದಾಗ, ರಾತ್ರಿಯೆಲ್ಲ ಟಪ್ ಟಪ್ ಅಂತಿತ್ತು, ನಿದ್ದೇನೇ ಬರ್ಲಿಲ್ಲ. ಅರ್ಧ ಸುತ್ತಂತೆ, ಅವನ ಅರ್ಧ ಸುತ್ತು ಅವಳಿಗೆ ಗೊತ್ತಿಲ್ಲವೇ, ಕೋಪ ನೆತ್ತಿಗೇರಿತು, ಬೈಯಲು ಬಾಯಿ ತೆರೆದಳು, ತಲೆಯೆತ್ತಿ ನೋಡಿದರೆ ಅವನ ಮುಖ ಬೆಳ್ಳಗಾಗಿದೆ, ಅವನಿಗೂ ಆ ಬಂಗಲೆ ಬೇಡ, ಅಷ್ಟೇ ಬೇಡ. ದಡಕ್ಕೆ ತಗೋ ದೋಣೀನ. ಕಟ್ಟಿದ್ದಾಯಿತು, ಇಂಜಿನ್ ಮೆಲ್ಲಗೆ ತಿರುಗುತ್ತಿರಲಿ ಎಂದು ಬಿಟ್ಟು ಅವಳು ಮೇಲೆ ಬಂದು ಸ್ಪ್ಯಾನರನ್ನು ಅವನ ಕೈಗಿಟ್ಟಳು. ನಾನಾ? ಬಿಗಿದೋನು ನೀನೇ, ಬಿಚ್ಚೋನೂ ನೀನೇ. ನಂಗೆ ಬಿಚ್ಚಿ ಅಭ್ಯಾಸ ಇಲ್ವೇ. ಕಲ್ತ್ಕೋ.

ಇಳಿದ, ಮೊಣಕಾಲು ಲಟಕ್ಕೆಂದಿತು, ಈಗ ಅವಳಿಗೆ ಕಾಣುವುದು ಅವನ ಬೋಳುತಲೆ, ಅದರ ಮೇಲೆ ಬಿಸಿಲು, ನಟ್ಟಿನ ಮೇಲೆ ಅವನ ಕೈ ತಡೆಯಿತು, ಎಷ್ಟು ಮನೆಗಳ ಎಷ್ಟು ನೀರನ್ನು ನಿಲ್ಲಿಸಿದ ಕೈ, ಆಮೇಲೆ ತಿರುಗಿತು, ಎಡಕ್ಕೆ, ಚೂರು, ಇನ್ನೂ ಚೂರು, ಸಾಕಾ? ಇನ್ನೊಂಚೂರು. ಏನೂ ಇಲ್ಲ. ಇಂಜಿನ್ ಗುಡುಗುಡು ಎನ್ನುತ್ತಿದೆ, ದಂಡಕ್ಕೆ ಮತ್ತೆ ಗೀರುಬಿದ್ದಿದ್ದರೆ ಮುಗಿಯಿತು, ಬರಲಿ, ಬಾರೇ ತಾಯಿ — ಹಿತ್ತಾಳೆಯ ಅಂಚು ತೇವವಾಯಿತು, ಮಿನುಗಿತು, ಬಂತು ಕಣೇ, ಬಂತು, ಅವನ ಹೆಬ್ಬೆರಳು ಒರೆಸಲು ತಾನೇ ಮುಂದಾಯಿತು, ಅರ್ಧದಲ್ಲೇ ನಿಂತಿತು, ಆ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಅವನೇ ಹಿಡಿದುಕೊಂಡ, ಹನಿ ದಪ್ಪಗಾಗುತ್ತಿದೆ, ಅದರೊಳಗೆ ಟಾರ್ಚಿನ ಬೆಳಕು, ಹನಿ, ಅಂಚಿನಲ್ಲಿ ತೂಗುತ್ತಿರುವ ಹನಿ.